ಅರಿಕುಠಾರದ ಕೂಸು, ಹಂಗಳದ ಸೆರೆಯಾಳು
ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಹಳೆಯ ಮನೆತನಗಳ ಕಥೆ

ಆಷಾಢ ಮಾಸ ಬಂದಿತೆಂದರೆ ಮೈಸೂರು ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು ತವರಿನ ದಾರಿ ಹಿಡಿಯುತ್ತಾಳೆ. ಅತ್ತೆ ಸೊಸೆಯರು ಆ ಒಂದು ತಿಂಗಳು ಒಂದೇ ಹೊಸ್ತಿಲನ್ನು ದಾಟಬಾರದೆಂಬುದು ಹಿರಿಯರ ಮಾತು. ಗಂಡನಿಗೆ ಮಾವನ ಮನೆಯ ಕಡೆ ಸುಳಿಯಲು ಅನುಮತಿ ಇರದು. ಮಳೆಯೂ ಗಾಳಿಯೂ ಕೂಡಿ ಬರುವ ಆ ದಿನಗಳು ಹೊಸ ಜೋಡಿಗಳ ಪಾಲಿಗೆ ವಿರಹದ ದಿನಗಳು.

ಆದರೆ ಈ ಕಟ್ಟಳೆಯನ್ನು ಒಂದು ದಿನದ ಮಟ್ಟಿಗೆ ಸಡಿಲಗೊಳಿಸುವ ಊರೊಂದುಂಟು. ಆಷಾಢದ ಹುಣ್ಣಿಮೆಯ ಹೊತ್ತಿಗೆ ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು ಹೊರಡುತ್ತದೆ. ಸುತ್ತಲಿನ ಹಳ್ಳಿಗಳಿಂದ ನವದಂಪತಿಗಳು ಹೊಸ ಬಟ್ಟೆ ಉಟ್ಟು, ಕೈಯಲ್ಲಿ ಹಣ್ಣು ಜವನ ಹಿಡಿದು ತೇರಿನ ಬೀದಿಗೆ ಬರುತ್ತಾರೆ. ಗುರಿಯಿಟ್ಟು ಎಸೆದ ಹಣ್ಣು ರಥಕ್ಕೆ ತಾಗಿದರೆ ಮುಖ ಅರಳುತ್ತದೆ; ತಪ್ಪಿದರೆ ಇನ್ನೊಂದು ಹಣ್ಣು ಇದ್ದೇ ಇರುತ್ತದೆ. 2017ರಲ್ಲಿ ಹಳೆಯ ರಥ ಬೆಂಕಿಗೆ ಸಿಕ್ಕಿ ಹಾಳಾದಾಗ ಈ ಉತ್ಸವ ನಿಂತುಹೋಯಿತು. ಹೊಸ ರಥ ಸಿದ್ಧವಾಗಿ 2022ರ ಆಷಾಢದಲ್ಲಿ ಮತ್ತೆ ತೇರು ಹೊರಟಾಗ ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು.

ಹಣ್ಣು ಎಸೆಯುವ ಹೊಸ ಜೋಡಿಗಳಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆವು: ತೇರಿನಲ್ಲಿ ಕುಳಿತ ದೇವರ ಹೆಸರು ಒಬ್ಬ ತಂದೆಯದು. ಗುಡಿಯಲ್ಲಿ ಅವನ ಪಕ್ಕದಲ್ಲಿ ಪೂಜೆಗೊಳ್ಳುವ ದೇವಿ ಕೆಂಪನಂಜಾಂಬೆಯ ಹೆಸರು ಒಬ್ಬ ತಾಯಿಯದು. ಅವರಿಬ್ಬರ ಮಗ ಕಟ್ಟಿಸಿದ ಗುಡಿ ಅದು. ಅಷ್ಟೇ ಅಲ್ಲ, ಊರಿಗೂ ತಂದೆಯ ಹೆಸರನ್ನೇ ಇಟ್ಟವನು ಅವನು. ಅದಕ್ಕೆ ಮುನ್ನ ಈ ಊರಿನ ಹೆಸರು ಅರಿಕುಠಾರ.

ಕೊಡಲಿಯ ಹೆಸರಿನ ಊರು

ಅರಿಕುಠಾರವೆಂದರೆ ಸಂಸ್ಕೃತದಲ್ಲಿ ಶತ್ರುಗಳಿಗೆ ಕೊಡಲಿ ಎಂದರ್ಥ. ಕಾಡಿನ ಅಂಚಿನಲ್ಲಿ, ಮೂರು ನಾಡುಗಳ ಗಡಿಯಲ್ಲಿ ನಿಂತ ಊರಿಗೆ ಒಪ್ಪುವ ಹೆಸರೇ ಸರಿ. ದಕ್ಷಿಣಕ್ಕೆ ಹೊರಟರೆ ಸತ್ಯಮಂಗಲದ ಕಣಿವೆ ಇಳಿದು ಕೊಂಗುನಾಡು ಸೇರಬಹುದು. ಗುಂಡ್ಲುಪೇಟೆಯ ಮೇಲೆ ಹೋದರೆ ಒಂದು ದಾರಿ ನೀಲಗಿರಿಗೆ, ಇನ್ನೊಂದು ವೈನಾಡಿಗೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರಿನ ಒಡೆಯರು ಎಲ್ಲರೂ ಈ ದಾರಿಗಳ ಮೇಲೆ ಕಣ್ಣಿಟ್ಟವರೇ. ಗಂಗರ ಕಾಲದ ನೆನಪಾಗಿ ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ರಾಮೇಶ್ವರ ದೇವಾಲಯ ಇಂದಿಗೂ ನಿಂತಿದೆ.

ಈ ಊರಿನ ಬಗ್ಗೆ ಬಹು ಸ್ಪಷ್ಟವಾಗಿ ಮಾತನಾಡುವ ಹಳೆಯ ದಾಖಲೆ 1117ರದು. ಅದರ ಹಿಂದಿನ ವರ್ಷವಷ್ಟೇ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದಿದ್ದ. ಅವನ ದಂಡನಾಯಕ ಪುಣಿಸನು ದಕ್ಷಿಣದ ಬೆಟ್ಟಗಳನ್ನು ಏರಿ ಹಿಂತಿರುಗಿ ಅರಿಕುಠಾರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದ. ಅಲ್ಲಿನ ಶಾಸನ ಪುಣಿಸನ ವಂಶದ ಹಿರಿಯರನ್ನು ಹೊಗಳಿ, ಅವನು ತೋದವರನ್ನು ಬೆದರಿಸಿದುದನ್ನೂ ನೀಲಗಿರಿಯ ಶಿಖರವನ್ನು ಕೈವಶ ಮಾಡಿಕೊಂಡುದನ್ನೂ ಹೇಳುತ್ತದೆ. ಇಂದು ಉದಕಮಂಡಲದ ಸುತ್ತ ವಾಸಿಸುವ ತೋದವರ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು ಈ ಶಾಸನದಲ್ಲಿಯೇ. ಗಡಿಯಾಚೆಯ ಒಂದು ಜನದ ಚರಿತ್ರೆಯ ಮೊದಲ ಸಾಲು ಅರಿಕುಠಾರದ ಕಲ್ಲಿನ ಮೇಲಿದೆ!

ಆ ಶಾಸನದಲ್ಲಿ ಯುದ್ಧದ ಅಬ್ಬರಕ್ಕಿಂತ ಮನಸ್ಸಿಗೆ ನಾಟುವ ಇನ್ನೊಂದು ಸಂಗತಿಯೂ ಉಂಟು. ದಿವಾಳಿಯಾದ ವ್ಯಾಪಾರಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗೂ, ಅಧಿಕಾರ ಕಳೆದುಕೊಂಡ ಬೇಡ ನಾಯಕನಿಗೂ ಅವರು ಕಳೆದುಕೊಂಡುದನ್ನೆಲ್ಲ ಪುಣಿಸನು ಮರಳಿ ಕೊಟ್ಟನೆಂದು ಅದು ಹೇಳುತ್ತದೆ. ಯುದ್ಧ ನಡೆದ ನಾಡಿನಲ್ಲಿ ಯಾವ ಯಾವ ಮನೆಗಳು ಮುರಿದಿದ್ದುವೆಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಆ ವ್ಯಾಪಾರಿಯ ಹೆಸರಾಗಲಿ ಒಕ್ಕಲಿನ ಹೆಸರಾಗಲಿ ಕಲ್ಲಿನ ಮೇಲಿಲ್ಲ. ಆದರೆ ಇಲ್ಲಿನ ಸಾಮಾನ್ಯ ಮನೆತನಗಳು ಚರಿತ್ರೆಯ ಬೆಳಕಿಗೆ ಬರುವುದು ಅಲ್ಲಿಂದಲೇ.

ಬೆಟ್ಟದ ದಣ್ಣಾಯಕರು, ಉಮ್ಮತ್ತೂರಿನ ಒಡೆಯರು

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ಗೋಪಾಲಸ್ವಾಮಿ ಬೆಟ್ಟ ಎದುರಾಗುತ್ತದೆ. ವರುಷದ ಬಹುಕಾಲ ಮಂಜು ಹೊದ್ದ ಈ ಬೆಟ್ಟದ ಎತ್ತರ 1,454 ಮೀಟರು. ಇಲ್ಲಿನ ಬೆಟ್ಟದಕೋಟೆಯನ್ನು ಆಳಿದವರು ಹೊಯ್ಸಳರ ಕೈಕೆಳಗಿನ ದಣ್ಣಾಯಕರು. ಮೂರನೆಯ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಣ್ಣಾಯಕನೂ ಅವನ ಮಗ ಮಾಧವ ದಣ್ಣಾಯಕನೂ ಈ ವಂಶದ ಪ್ರಸಿದ್ಧರು. ಬೆಟ್ಟದ ಮೇಲಿನ ಗೋಪಾಲಸ್ವಾಮಿಯ ಪ್ರತಿಷ್ಠೆಯೊಡನೆ ಮಾಧವ ದಣ್ಣಾಯಕನ ಹೆಸರು ಸೇರಿಕೊಂಡಿದೆ. ಮೋಯಾರು ನದಿ ಭವಾನಿಯನ್ನು ಕೂಡುವಲ್ಲಿ ಇದೇ ಮನೆತನದ ಹೆಸರು ಹೊತ್ತ ದಣ್ಣಾಯಕನಕೋಟೆ ಇತ್ತು. 1955ರಲ್ಲಿ ಭವಾನಿಸಾಗರದ ಅಣೆಕಟ್ಟು ಮುಗಿದಾಗ ಆ ಕೋಟೆ ನೀರಿನೊಳಗೆ ಮುಳುಗಿತು.

ಜನರ ಬಾಯಿಯಲ್ಲಿ ಇವರು ನವದಣ್ಣಾಯಕರು, ಒಂಬತ್ತು ಮಂದಿ. ಅಣ್ಣತಮ್ಮಂದಿರಲ್ಲಿ ಒಡಕು ಹುಟ್ಟಿ, ಕೋಟೆಗೆ ಮುತ್ತಿಗೆ ಬಿದ್ದು, ಕೊನೆಗೆ ಮಂಚ ದಣ್ಣಾಯಕನು ಕುದುರೆಯೊಡನೆ ಬೆಟ್ಟದ ತುದಿಯಿಂದ ಹಾರಿದನೆಂಬುದು ಐತಿಹ್ಯ. ಶಾಸನಗಳು ಹೇಳದ ಮನೆಯೊಳಗಿನ ಜಗಳವನ್ನು ಜನ ಮರೆತಿಲ್ಲ. ಸೋತವನ ಹಾರಾಟವನ್ನೂ ಮರೆತಿಲ್ಲ.

ಉಮ್ಮತ್ತೂರಿನ ಒಡೆಯರ ಕಥೆಯೂ ಹೀಗೆಯೇ ಕೊನೆಗಾಣುತ್ತದೆ. ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿಯಾಗಿರುವ ಉಮ್ಮತ್ತೂರು ಹದಿನೈದನೆಯ ಶತಮಾನದ ಕೊನೆಗೆ ವಿಜಯನಗರವನ್ನೇ ಕೆಣಕಬಲ್ಲ ಪಾಳೆಯಪಟ್ಟಾಗಿತ್ತು. ಕೃಷ್ಣದೇವರಾಯನು ಪಟ್ಟವೇರಿದ ಮೇಲೆ ಈ ಮನೆತನವನ್ನು ಅಡಗಿಸಲು ತಾನೇ ದಂಡೆತ್ತಿ ಬಂದ. ಶಿವನಸಮುದ್ರದ ಕೋಟೆಯನ್ನು ಹಿಡಿದು ಬಹುಕಾಲ ಹೋರಾಡಿದ ಗಂಗರಾಜನು ಕಡೆಗೆ ಕಾವೇರಿಯ ಪಾಲಾದ. ಹಾಗೆ ಬರಿದಾದ ನಾಡಿಗೆ ಕ್ರಮೇಣ ಕಾಲಿಟ್ಟವರು ಮೈಸೂರಿನ ಒಡೆಯರು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಉಮ್ಮತ್ತೂರೂ ತೆರಕಣಾಂಬಿಯೂ ಅವರ ಕೈಸೇರಿದುವು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ದಾರಿಯಲ್ಲಿರುವ ತೆರಕಣಾಂಬಿ ಇಂದು ಸಣ್ಣ ಊರು. ಆದರೆ ಒಂದು ಕಾಲಕ್ಕೆ ಅದು ಒಂದು ನಾಡಿನ ರಾಜಧಾನಿ. ಅಲ್ಲಿನ ದೊಡ್ಡ ದೇವಾಲಯಗಳೇ ಆ ವೈಭವವನ್ನು ಸಾರುತ್ತವೆ.

ಹೀಗೆ ದಂಡನಾಯಕರೂ ಒಡೆಯರೂ ಬಂದುಹೋಗುತ್ತಿದ್ದ ಕಾಲದಲ್ಲಿಯೇ ರಕ್ತಸಂಬಂಧವಿಲ್ಲದ ಇನ್ನೊಂದು ವಂಶ ಚಾಮರಾಜನಗರದ ಪಕ್ಕದ ಹರದನಹಳ್ಳಿಯಲ್ಲಿ ಬೇರೂರಿತು. ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಅಲ್ಲಿ. ವೀರಶೈವ ಸಂಪ್ರದಾಯದಲ್ಲಿ ಶಿಷ್ಯನು ಗುರುವಿನ ಕರಕಮಲದಲ್ಲಿ ಹುಟ್ಟಿದ ಮಗ. ತಂದೆ ಮಗನ ಸ್ಥಾನದಲ್ಲಿ ಗುರು ಶಿಷ್ಯರನ್ನು ನಿಲ್ಲಿಸುವ ಈ ವಂಶವೃಕ್ಷ ಹರದನಹಳ್ಳಿಯಿಂದ ಕುಣಿಗಲ್ಲಿನ ಎಡೆಯೂರಿನವರೆಗೆ ಹಬ್ಬಿತು. ಸಿದ್ಧಲಿಂಗ ಯತಿಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ವಚನ ಪರಂಪರೆಗೆ ಮತ್ತೆ ಜೀವ ತುಂಬಿದ ಕೃತಿ.

ಹಂಗಳದ ಸೆರೆ

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಊರಿನ ವಿಜಯನಾರಾಯಣ ಸ್ವಾಮಿಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಆದರೆ ಊರು ಪೇಟೆಯಾಗಿ ಬೆಳೆದುದರ ಹಿಂದೆ ಸೆರೆಯಲ್ಲಿ ಬೆಳೆದ ಒಬ್ಬ ರಾಜಕುಮಾರನ ಕಥೆಯಿದೆ.

1659ರಿಂದ 1673ರವರೆಗೆ ಮೈಸೂರನ್ನು ಆಳಿದವನು ದೇವರಾಜ ಒಡೆಯ. ಅವನ ಅಣ್ಣ ದೊಡ್ಡದೇವರಾಜನಿಗೆ ಪಟ್ಟ ದೊರೆಯಲಿಲ್ಲ. ದೊಡ್ಡದೇವರಾಜನ ಮಗ ಚಿಕ್ಕದೇವರಾಜ ಚುರುಕಾದ ಹುಡುಗ. ಚುರುಕಾದ ಅಣ್ಣನ ಮಗನೆಂದರೆ ಯಾವ ದೊರೆಗೆ ತಾನೆ ನಿದ್ದೆ ಬಂದೀತು? ಅವನನ್ನು ಮನೆಮಂದಿಯೊಡನೆ ರಾಜಧಾನಿಯಿಂದ ದೂರ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಂಗಳದಲ್ಲಿ ಕಾವಲಿನಲ್ಲಿಡಲಾಯಿತು.

ಸೆರೆಯೆಂದರೆ ಕತ್ತಲೆಕೋಣೆಯಲ್ಲ, ಊರು ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೆ. ಆ ಬಲವಂತದ ಬಿಡುವಿನಲ್ಲಿ ರಾಜಕುಮಾರನಿಗೆ ದೊರೆತದ್ದು ವಿದ್ವಾಂಸರ ಒಡನಾಟ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಅಲ್ಲಿಯೇ ಅವನ ಜತೆಗಾರನಾದ. ನೀನು ಮುಂದೆ ದೊರೆಯಾಗುವೆ ಎಂದು ಪಂಡಿತನು ಭವಿಷ್ಯ ನುಡಿದನೆಂದೂ, ಆ ಮಾತು ನಿಜವಾದರೆ ನಿನ್ನನ್ನೇ ಪ್ರಧಾನಿಯಾಗಿ ಮಾಡುವೆನೆಂದು ರಾಜಕುಮಾರನು ಮಾತು ಕೊಟ್ಟನೆಂದೂ ಕಥೆಯುಂಟು. 1673ರಲ್ಲಿ ದೇವರಾಜ ಒಡೆಯನು ತೀರಿಕೊಂಡು ಚಿಕ್ಕದೇವರಾಜನು ಪಟ್ಟಕ್ಕೆ ಬಂದಾಗ ಕೊಟ್ಟ ಮಾತು ನಡೆಯಿತು. ವಿಶಾಲಾಕ್ಷ ಪಂಡಿತನೇ ಪ್ರಧಾನಿಯಾದ. ಯಳಂದೂರಿನ ಷಡಕ್ಷರಯ್ಯನಿಗೂ ತೆರಕಣಾಂಬಿಯ ಚಿಕುಪಾಧ್ಯಾಯನಿಗೂ ಮಂತ್ರಿಪದವಿ ಸಿಕ್ಕಿತು. ಮೈಸೂರಿನ ಮಂತ್ರಿಮಂಡಲದ ಮೂರು ಗದ್ದುಗೆಗಳಲ್ಲಿ ಈ ಸೀಮೆಯ ಮಕ್ಕಳು ಕುಳಿತರು! ಚಿಕುಪಾಧ್ಯಾಯನು ಮಂತ್ರಿಯಾದರೂ ಹುಟ್ಟಿದ ನಾಡನ್ನು ಮರೆಯಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮಹಿಮೆಯನ್ನು ‘ಕಮಲಾಚಲ ಮಾಹಾತ್ಮ್ಯ’ವೆಂಬ ಕಾವ್ಯವಾಗಿ ಬರೆದ.

ಅರಮನೆಗೆ ಹೋದ ಹೆಣ್ಣುಮಕ್ಕಳ ಕಥೆ ಇನ್ನೂ ಸೊಗಸು. ಚಿಕ್ಕದೇವರಾಜನ ರಾಣಿ ದೇವಾಜಮ್ಮಣ್ಣಿಯ ಸೇವೆಗೆ ಯಳಂದೂರಿನಿಂದ ಹೋದವಳು ಹೊನ್ನಮ್ಮ. ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ಆ ಸಂಚಿಯ ಹೊನ್ನಮ್ಮನೇ ‘ಹದಿಬದೆಯ ಧರ್ಮ’ವನ್ನು ಬರೆದಳು. ಪತಿವ್ರತೆಯ ನಡತೆಯನ್ನು ಹೇಳುವ ಗ್ರಂಥದೊಳಗೇ ಅವಳು ಹೆಣ್ಣು ಹುಟ್ಟಿತೆಂದು ಮುಖ ಬಾಡಿಸುವವರನ್ನು ಬಿಡದೆ ತರಾಟೆಗೆ ತೆಗೆದುಕೊಂಡಳು. ಮನೆತನಗಳ ಕಥೆಯಲ್ಲಿ ಹೆಣ್ಣಿನ ಹೆಸರು ಅಳಿಸಿಹೋಗುವುದೇ ಹೆಚ್ಚು. ಹೊನ್ನಮ್ಮನ ಹೆಸರು ಉಳಿದುದು ಅವಳು ಬರೆದುದರಿಂದ.

ಚಿಕ್ಕದೇವರಾಜನ ಆಳಿಕೆಯಲ್ಲಿ ವೈಭವವಿತ್ತು. ಕಂದಾಯದ ಬಿಗಿಯೂ ಇತ್ತು. ರೈತರು ತಿರುಗಿಬಿದ್ದರು, ಆ ದಂಗೆಯನ್ನು ದೊರೆ ಕ್ರೂರವಾಗಿ ಅಡಗಿಸಿದ. ಅದರ ರೋಷ ತಟ್ಟಿದ್ದು ಪ್ರಧಾನಿಗೆ. 1686ರಲ್ಲಿ ವಿಶಾಲಾಕ್ಷ ಪಂಡಿತನು ಕೊಲೆಗೆ ಈಡಾದ. ಹಂಗಳದಲ್ಲಿ ನುಡಿದ ಭವಿಷ್ಯ ಫಲಿಸಿತು. ಆದರೆ ಅದರ ಬೆಲೆಯನ್ನು ತೆತ್ತವನು ನುಡಿದವನೇ.

ಪಟ್ಟವನ್ನು ಕಾಣದೆ ಕಣ್ಣು ಮುಚ್ಚಿದ ತಂದೆಯನ್ನು ಚಿಕ್ಕದೇವರಾಜ ಮರೆಯಲಿಲ್ಲ. ಗುಂಡ್ಲುಹೊಳೆಯ ದಡದಲ್ಲಿ—ಪುರಾಣಗಳು ಕೌಂಡಿನೀ ನದಿಯೆಂದು ಕರೆಯುವುದು ಇದನ್ನೇ—ತಂದೆಗೆ ಸದ್ಗತಿ ದೊರೆಯಲೆಂದು ಪರವಾಸುದೇವನ ದೇವಾಲಯವನ್ನು ಕಟ್ಟಿಸಿದ. ವಿಜಯಪುರ ಕೋಟೆ ಪೇಟೆಗಳ ಊರಾಯಿತು. ಇಂದು ಮೈಸೂರಿನಿಂದ ಊಟಿಗೆ ಹೋಗುವ ಸಾವಿರಾರು ವಾಹನಗಳು ಗುಂಡ್ಲುಪೇಟೆಯಲ್ಲಿ ಕಾಫಿಗೆ ನಿಂತು ಮುಂದೆ ಸಾಗುತ್ತವೆ. ಆ ದಾರಿಯ ಪಕ್ಕದಲ್ಲಿಯೇ ಒಬ್ಬ ಮಗನ ಪಿತೃಋಣ ಕಲ್ಲಾಗಿ ನಿಂತಿದೆಯೆಂಬುದನ್ನು ಬಲ್ಲವರು ಕಡಿಮೆ.

ಅರಿಕುಠಾರದ ಕೂಸು

ನೂರು ವರ್ಷಗಳು ಕಳೆದುವು. ಮೈಸೂರಿನ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಒಡೆಯರು ಹೆಸರಿಗೆ ಮಾತ್ರ ದೊರೆಗಳು. 1776ರಲ್ಲಿ ಆಗಿನ ಚಾಮರಾಜ ಒಡೆಯನು ಮಕ್ಕಳಿಲ್ಲದೆ ತೀರಿಕೊಂಡಾಗ ಸಿಂಹಾಸನಕ್ಕೆ ನೇರ ವಾರಸುದಾರರೇ ಇಲ್ಲವಾಯಿತು. ಅರಮನೆಯೊಡನೆ ಹೆಣ್ಣು ಗಂಡಿನ ಸಂಬಂಧವಿದ್ದ ಅರಸು ಮನೆತನಗಳಿಂದ ಮಕ್ಕಳನ್ನು ಕರೆತರುವಂತೆ ಹೈದರನು ಹೇಳಿಕಳುಹಿಸಿದ.

ಮುಂದಿನದನ್ನು ಕರ್ನಲ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ದರ್ಬಾರಿನ ಹಜಾರದ ತುಂಬ ಹಣ್ಣು, ಮಿಠಾಯಿ, ಹೂವು, ಆಟದ ಸಾಮಾನುಗಳನ್ನು ಹರಡಲಾಯಿತು. ಮಕ್ಕಳು ತಮ್ಮ ತಮ್ಮ ಮನಸ್ಸಿಗೆ ಬಂದುದನ್ನು ಎತ್ತಿಕೊಂಡರು, ಕಿತ್ತಾಡಿದರು, ಅತ್ತರು. ಅವರಲ್ಲಿ ಒಂದು ಕೂಸು ಮಾತ್ರ ಥಳಥಳಿಸುವ ಪುಟ್ಟ ಕಠಾರಿಯೊಂದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣನ್ನು ಎತ್ತಿಕೊಂಡಿತು. ‘ಇವನೇ ರಾಜ’ ಎಂದನಂತೆ ಹೈದರ್: ಮೊದಲು ನಾಡಿನ ರಕ್ಷಣೆ, ಆಮೇಲೆ ನಾಡಿನ ಫಲ ಎಂಬುದು ಈ ಮಗುವಿಗೆ ತಿಳಿದಿದೆ ಎಂಬುದು ಅವನ ವಿವರಣೆ.

ಆ ಕೂಸು ಅರಿಕುಠಾರದ ದೇವರಾಜ ಅರಸಿನವರ ಮಗ, 1774ರಲ್ಲಿ ಹುಟ್ಟಿದವನು. ಆಗ ಅವನಿಗೆ ಎರಡು ವರ್ಷ. ಖಾಸಾ ಚಾಮರಾಜ ಒಡೆಯನೆಂದು ಅವನನ್ನು ಸಿಂಹಾಸನದ ಮೇಲೆ ಕೂರಿಸಿದರು. ಮಗುವಿನ ಮನೆಯವರಿಗೆ ಅದು ಭಾಗ್ಯವೋ ಭಯವೋ ಹೇಳುವುದು ಕಷ್ಟ. ಕಠಾರಿ ಹಿಡಿದ ಆ ಕೈಗೆ ಮುಂದೆಂದೂ ನಿಜವಾದ ಕತ್ತಿ ಸಿಗಲಿಲ್ಲ. ವರ್ಷಕ್ಕೊಮ್ಮೆ ದಸರೆಯಲ್ಲಿ ಜನರಿಗೆ ದರ್ಶನ ಕೊಡುವುದಷ್ಟೇ ಅವನ ರಾಜ್ಯಭಾರ. 1796ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಟಿಪ್ಪು ಸುಲ್ತಾನನು ಅವನ ಬದಲಿಗೆ ಇನ್ನೊಬ್ಬ ಒಡೆಯನನ್ನು ಕೂರಿಸಲಿಲ್ಲ. ಅರಮನೆಯನ್ನು ಬರಿದು ಮಾಡಿಸಿ ರಾಜಮನೆತನವನ್ನು ಸಣ್ಣ ಮನೆಗೆ ಕಳುಹಿಸಿದ. ತಾಯಿ ಕೆಂಪನಂಜಮ್ಮಣ್ಣಿಯ ಮಡಿಲಲ್ಲಿ ಆಗ ಎರಡು ವರ್ಷವೂ ತುಂಬದ ಗಂಡುಮಗು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜಮನೆತನವನ್ನು ಹುಡುಕಿ ಬಂದ ಬ್ರಿಟಿಷ್ ಅಧಿಕಾರಿಗಳಿಗೆ ಅವರು ಕಂಡದ್ದು ಬಡತನ ತುಂಬಿದ ಒಂದು ವಸತಿಯಲ್ಲಿ. ಮೂವತ್ತು ವರ್ಷಗಳಿಗೂ ಮೀರಿ ಆಸೆ ಬಿಡದೆ ಕಾದಿದ್ದ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯ ಹಟ ಗೆದ್ದಿತು. ಜೂನ್ 30ರಂದು ಐದರ ಬಾಲಕ ಕೃಷ್ಣರಾಜನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಅವನೇ ಮುಮ್ಮಡಿ ಕೃಷ್ಣರಾಜ ಒಡೆಯ.

ತಂದೆಯ ಮುಖ ಈ ಮಗನ ನೆನಪಿನಲ್ಲಿ ಉಳಿದಿರಲಾರದು. ಬಹುಶಃ ಅದಕ್ಕೆಂದೇ ಅವನು ತಂದೆಯ ಹೆಸರನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡ. 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟ. 1826ರಲ್ಲಿ ಚಾಮರಾಜೇಶ್ವರನ ಗುಡಿ ಸಿದ್ಧವಾಯಿತು. ತಂದೆ ಹುಟ್ಟಿದ ಜಾಗದ ಗುರುತಿಗೆ ಜನನ ಮಂಟಪ ನಿಂತಿತು. ಬದುಕಿದ್ದಾಗ ವರ್ಷಕ್ಕೊಮ್ಮೆ ಮಾತ್ರ ಜನಕ್ಕೆ ಕಾಣಿಸುತ್ತಿದ್ದ ದೊರೆಯ ಹೆಸರಿಗೆ ಅಂದಿನಿಂದ ದಿನವೂ ಮಂಗಳಾರತಿ.

ಎರಡು ಊರುಗಳನ್ನೂ ಹೀಗೆ ಒಟ್ಟಿಗೆ ನಿಲ್ಲಿಸಿ ನೋಡಿದಾಗ ಮನಸ್ಸು ಕಲಕುತ್ತದೆ. ಗುಂಡ್ಲುಪೇಟೆಯದು ಪಟ್ಟವನ್ನೇ ಕಾಣದ ತಂದೆಯ ಸ್ಮಾರಕ. ಚಾಮರಾಜನಗರದ್ದು ಪಟ್ಟವಿದ್ದೂ ಅಧಿಕಾರವನ್ನು ಕಾಣದ ತಂದೆಯ ಸ್ಮಾರಕ. ಗೆದ್ದ ಯುದ್ಧಗಳಿಗೆ ಕಟ್ಟಿದ ಜಯಸ್ತಂಭಗಳು ಇವಲ್ಲ. ತಂದೆಗೆ ಬದುಕಿನಲ್ಲಿ ದಕ್ಕದುದನ್ನು ಕಲ್ಲಿನಲ್ಲಾದರೂ ಕೊಡಿಸಲು ಮಕ್ಕಳು ಮಾಡಿದ ಪ್ರಯತ್ನ.

ಬರೆದಿಟ್ಟವರು, ಹಾಡಿಟ್ಟವರು

ಅರಸರಿಗೆ ಗುಡಿ ಕಟ್ಟಿಸಲು ಮಕ್ಕಳಿದ್ದರು. ಉಳಿದವರ ಕಥೆಯನ್ನು ಕಾಪಾಡಿದವರು ಯಾರು?

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿ ಕನಕಗಿರಿಯೆಂಬ ಜೈನಕ್ಷೇತ್ರವಿದೆ. ಅಲ್ಲಿನ ದೇವಚಂದ್ರನು 1770ರ ಸುಮಾರಿಗೆ ಹುಟ್ಟಿದವನು. 1804ರಲ್ಲಿ ನಾಡನ್ನು ಮೋಜಣಿ ಮಾಡುತ್ತ ಬಂದ ಕರ್ನಲ್ ಮೆಕೆಂಜಿ ಕನಕಗಿರಿಯ ಸ್ಥಳಪುರಾಣವನ್ನು ಕೇಳಿದ. ಅಳತೆಯ ಸರಪಳಿ ಹಿಡಿದು ಬಂದ ಅಧಿಕಾರಿಗೆ ಹಳೆಯ ಕಥೆಗಳ ಹುಚ್ಚು. ಊರೂರಿನ ಬಖೈರು, ಶಾಸನ, ಕೈಫಿಯತ್ತುಗಳನ್ನು ಕಲೆಹಾಕುವುದೇ ಅವನ ಇನ್ನೊಂದು ಕಾಯಕ. ಅವನ ಸಹವಾಸದಿಂದ ದೇವಚಂದ್ರನ ಆಸಕ್ತಿಗೂ ಬಲ ಬಂದಿತು. ಅರಸರು, ಆಚಾರ್ಯರು, ಕವಿಗಳು, ಜಾತಿಗಳು, ಊರುಗಳು ಎಲ್ಲರ ಸಂಗತಿಗಳನ್ನೂ ಕೂಡಿಸಿ ಅವನು 1838ರ ಸುಮಾರಿಗೆ ‘ರಾಜಾವಳಿ ಕಥೆ’ಯನ್ನು ಬರೆದ. ಅದರಲ್ಲಿ ಪುರಾಣವೂ ಚರಿತ್ರೆಯೂ ಬೆರೆತಿವೆ. ವಿದ್ವಾಂಸರು ಅದನ್ನು ಎಚ್ಚರದಿಂದಲೇ ಬಳಸುತ್ತಾರೆ. ಆದರೂ ಅವನು ಬರೆದಿಡದಿದ್ದರೆ ಎಷ್ಟೋ ಹೆಸರುಗಳು ನಮಗೆ ಸಿಗುತ್ತಿರಲಿಲ್ಲ. ಆಮೇಲೆ ಬಿ. ಎಲ್. ರೈಸ್ ಅವರು ಈ ತಾಲ್ಲೂಕುಗಳ ಶಾಸನಗಳನ್ನು ಓದಿಸಿ 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವಾಗಿ ಅಚ್ಚು ಹಾಕಿಸಿದರು.

ಬರೆಯಬಲ್ಲವರು ಬರೆದರು, ಬರೆಯದವರು ಹಾಡಿದರು. ಈ ಸೀಮೆಯ ಹಳ್ಳಿಗೆ ಹೋಗಿ ಒಬ್ಬರ ಮನೆತನವನ್ನು ವಿಚಾರಿಸಿ ನೋಡಿ. ಹೆಸರಿನ ಬೆನ್ನಲ್ಲೇ ಬರುವ ಪ್ರಶ್ನೆ, ‘ನಿಮ್ಮ ಮನೆದೇವರು ಯಾವುದು?’ ಎಂದು. ಕೆಲವರು ಮಾದೇಶ್ವರನ ಒಕ್ಕಲು, ಕೆಲವರು ಸಿದ್ದಪ್ಪಾಜಿಯ ಒಕ್ಕಲು, ಇನ್ನು ಕೆಲವರು ಬಿಳಿಗಿರಿ ರಂಗಪ್ಪನ ಒಕ್ಕಲು. ಊರು ಬಿಟ್ಟು ಎಷ್ಟು ತಲೆಮಾರು ಕಳೆದರೂ ಮನೆದೇವರ ಹೆಸರು ಹಿಡಿದು ಹೋದರೆ ಹಳೆಯ ಬೇರು ಸಿಗುತ್ತದೆ. ಕಂಸಾಳೆ ಹಿಡಿದ ದೇವರ ಗುಡ್ಡರೂ ತಂಬೂರಿ ಮೀಟುವ ನೀಲಗಾರರೂ ರಾತ್ರಿಯಿಡೀ ಹಾಡುವ ಕಾವ್ಯಗಳಲ್ಲಿ ದೇವರು ಮನೆಮನೆಗೆ ಬರುತ್ತಾನೆ, ಒಕ್ಕಲಾಗಿರೆಂದು ಕೇಳುತ್ತಾನೆ, ಜಗಳವನ್ನೂ ಆಡುತ್ತಾನೆ.

ದೇವರ ಭಾವಮೈದುನರು

ಈ ನಾಡಿನ ಎಲ್ಲ ಮನೆತನಗಳಿಗಿಂತ ಹಳಬರು ಕಾಡಿನ ಸೋಲಿಗರು. ಅವರ ಕಥೆಯಂತೆ ಬಿಳಿಗಿರಿ ರಂಗಪ್ಪನು ಸೋಲಿಗರ ಹೆಣ್ಣು ಕುಸುಮಾಲೆಗೆ ಮನಸೋತು ಅವಳನ್ನು ಕೈಹಿಡಿದ. ಅಂದಿನಿಂದ ರಂಗಪ್ಪ ಅವರಿಗೆ ಭಾವ. ಉಳಿದವರು ‘ಸ್ವಾಮಿ’ ಎಂದು ಕೈಮುಗಿಯುವ ದೇವರನ್ನು ಇವರು ನಂಟನೆಂಬ ಸಲಿಗೆಯಿಂದ ಕರೆಯಬಲ್ಲರು. ಬೆಟ್ಟದ ಕೆಳಗಿನ ಚರ್ಮಕಾರ ಮನೆತನದವರು ಅದೇ ರಂಗಪ್ಪನಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಹೊಲಿದು ಒಪ್ಪಿಸುತ್ತಾರೆ. ದೇವರು ರಾತ್ರಿ ಅವನ್ನು ಮೆಟ್ಟಿ ಕಾಡು ಸುತ್ತುತ್ತಾನೆಂಬುದು ನಂಬಿಕೆ. ಒಂದು ಮನೆತನಕ್ಕೆ ಹೆಣ್ಣು ಕೊಟ್ಟ ನಂಟು, ಇನ್ನೊಂದು ಮನೆತನಕ್ಕೆ ಪಾದುಕೆಯ ನಂಟು.

ಸೋಲಿಗರಲ್ಲಿ ತೇನೇರು, ಸೂರಿರು, ಸೆಲಿಕಿರು ಮೊದಲಾದ ಕುಲಗಳುಂಟು. ಒಂದೇ ಕುಲದೊಳಗೆ ಮದುವೆಯಿಲ್ಲ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಎಲ್ಲೆ’ ಇದೆ. ಆ ಎಲ್ಲೆಯೊಳಗೆ ಕುಲದ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ ಮತ್ತು ಕಲ್ಲುಗುಡಿ. ಕಲ್ಲುಗುಡಿಯೆಂದರೆ ಸತ್ತ ಹಿರಿಯರ ಹೆಸರಿನಲ್ಲಿ ಕಲ್ಲಿಡುವ ಜಾಗ. ಓದುಬರಹ ಬಲ್ಲವರು ಕಾಗದದ ಮೇಲೆ ಬರೆಯುವ ವಂಶವೃಕ್ಷವನ್ನು ಸೋಲಿಗರು ಕಾಡಿನ ಮೇಲೆಯೇ ಬರೆದಿದ್ದಾರೆ.

ಹೊರಗಿನವರು ಬಂದು ನೋಡಿದ್ದು ಮಾತ್ರ ಆನೆಯನ್ನು, ಹುಲಿಯನ್ನು, ಮರವನ್ನು. 1874ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಸಮೀಪ ಖೆಡ್ಡಾ ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ. ಅವನಿಗೆ ಕಾಡಿನ ಜಾಡು ತೋರಿದವರು ಇಲ್ಲಿನ ಜನವೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಾರಿಸ್ ಎಂಬ ಬಿಳಿಯರ ಮನೆತನ ಬೆಟ್ಟದ ಮೇಲೆ ಕಾಫಿ ತೋಟ ಹಾಕಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದಾಗ ಸೋಲಿಗರು ತಾವು ಉಳುತ್ತಿದ್ದ ಪೋಡುಗಳನ್ನು ಬಿಡಬೇಕಾಯಿತು. ಹಿರಿಯರ ಕಲ್ಲುಗಳು ಒಂದು ಕಡೆ, ಮೊಮ್ಮಕ್ಕಳ ಗುಡಿಸಲು ಇನ್ನೊಂದು ಕಡೆಯಾಯಿತು.

2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆ ಬಂದಿತು. ಈ ಕಾಡು ನಿಮ್ಮದೆನ್ನಲು ಸಾಕ್ಷಿಯೇನು ಎಂಬ ಪ್ರಶ್ನೆ ಎದ್ದಿತು. ಸೋಲಿಗರ ಕೈಯಲ್ಲಿ ತಾಮ್ರಶಾಸನವಿರಲಿಲ್ಲ, ಬಖೈರೂ ಇರಲಿಲ್ಲ. ಆದರೆ ಹಿರಿಯರಿಗೆ ಪ್ರತಿ ಎಲ್ಲೆಯೂ ನೆನಪಿತ್ತು. ಅವರು ಮುಂದೆ ನಡೆದರು. ಕಿರಿಯರು ಸಂಶೋಧಕರ ಜತೆಗೂಡಿ ದೇವರು, ವೀರು, ಅಬ್ಬಿ, ಕಲ್ಲುಗುಡಿಗಳನ್ನು ಒಂದೊಂದಾಗಿ ನಕಾಶೆಯ ಮೇಲೆ ಗುರುತಿಸಿದರು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಹಕ್ಕುಗಳಿಗೆ ಸರಕಾರದ ಮನ್ನಣೆಯೂ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಅಜ್ಜ ಅಜ್ಜಿಯರ ನೆನಪು ಮೊಮ್ಮಕ್ಕಳ ಪಾಲಿಗೆ ಕಾಡಿನ ಹಕ್ಕುಪತ್ರವಾಯಿತು!

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರವೇ ಒಂದು ಜಿಲ್ಲೆಯಾಯಿತು. ಅರಿಕುಠಾರದ ಕೂಸಿನ ಹೆಸರು ಇಡೀ ಸೀಮೆಯ ಹೆಸರಾಯಿತು. ಗೆಲ್ಲದೆ, ಆಳದೆ, ಎಳೆಯ ಪ್ರಾಯದಲ್ಲಿ ಕಣ್ಣು ಮುಚ್ಚಿದವನ ಹೆಸರು ಸರಕಾರದ ಪ್ರತಿ ಕಾಗದದ ಮೇಲೆ ಇಂದು ಅಚ್ಚಾಗುತ್ತಿದೆ. ಮಗನೊಬ್ಬ ನೆನಪಿಟ್ಟುಕೊಂಡುದರ ಫಲ ಅದು.

ಎಲ್ಲ ತಂದೆತಾಯಿಯರಿಗೂ ಊರು ಕಟ್ಟಿಸುವ ಮಕ್ಕಳಿರುವುದಿಲ್ಲ. ಆದರೆ ಅಜ್ಜಿಯ ತವರು ಯಾವುದು, ಮುತ್ತಜ್ಜ ಯಾವ ಬರಗಾಲದಲ್ಲಿ ಊರು ಬಿಟ್ಟ, ಮನೆದೇವರು ಎಲ್ಲಿದ್ದಾನೆ ಎಂದು ಕೇಳಿ ತಿಳಿದುಕೊಳ್ಳಲು ಕಲ್ಲೂ ಬೇಡ, ಖಜಾನೆಯೂ ಬೇಡ. ಹೇಳುವವರು ಇರುವಾಗಲೇ ಕೇಳಬೇಕು, ಅಷ್ಟೆ. ಮುಂದಿನ ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹಣ್ಣು ಎಸೆಯುವ ಹೊಸ ಹೆಣ್ಣು ಗಂಡಿಗೆ ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ತೇರಿನೊಳಗಿನ ತಂದೆಯ ಕಥೆಯನ್ನೂ ಗುಡಿಯೊಳಗಿನ ತಾಯಿಯ ಕಥೆಯನ್ನೂ ಹೇಳಿದರೆ, ಅರಿಕುಠಾರ ಇನ್ನೊಂದು ತಲೆಮಾರು ಬದುಕುತ್ತದೆ.